ಇಬ್ಬನಿಗೆ ಬಿಟ್ಟ ಅವರೆ

ಆ ಸಂಜೆ ಅವರೆ ಬಳ್ಳಿಗೆ ನಾನು ಚಾದರ ಹೊದಿಸಲಿಲ್ಲ. ಅಕ್ಕ ಹೋಗುವಾಗ ಹೇಳಿದ್ದಳು, ಫೋನಿನಲ್ಲಿ ಮತ್ತೆ ನೆನಪಿಸಿದ್ದಳು, ಮೇಲಿನ ಮನೆಯ ಆಂಟಿಯೂ ಬಾಲ್ಕನಿಯಿಂದ ಕೂಗಿ ಹೇಳಿದ್ದರು. ಚಾದರ ಕೈಯಲ್ಲೇ ಇತ್ತು. ಬಳ್ಳಿಯ ಮುಂದೆ ನಿಂತೂ ಇದ್ದೆ. ಆದರೂ ಹೊದಿಸದೆ ಒಳಗೆ ಬಂದೆ. ಯಾಕೆ ಎಂದು ಕೇಳಿದರೆ ಒಂದೇ ಒಂದು ಉತ್ತರ ಕೊಡಲು ನನಗೆ ಇವತ್ತಿಗೂ ಬರುವುದಿಲ್ಲ. ಎರಡು ಉತ್ತರಗಳಿವೆ. ಎರಡೂ ನಿಜ ಅನ್ನಿಸುತ್ತವೆ, ಸ್ವಲ್ಪ ಹೊತ್ತು ಯೋಚಿಸಿದರೆ ಎರಡೂ ನೆಪ ಅನ್ನಿಸುತ್ತವೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ಅಕ್ಕ ಕೇಂದ್ರ ಸರ್ಕಾರದ ಒಂದು ಆಫೀಸಿನಲ್ಲಿ ಕ್ಲರ್ಕ್. ದಿಲ್ಲಿಯ ಆರ್.ಕೆ.ಪುರಂನಲ್ಲಿ ಅವಳಿಗೆ ನೆಲಮಹಡಿಯ ಕ್ವಾರ್ಟರ್ಸ್ ಇತ್ತು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಗಾಜು ಮತ್ತು ಪ್ಲೈವುಡ್ ಹೊಡೆಸಿ ಮುಚ್ಚಿದ ವರಾಂಡ. ವರಾಂಡದ ಆಚೆ, ಮೆಹಂದಿ ಗಿಡದ ಬೇಲಿಯೊಳಗೆ, ನಾಲ್ಕು ಮಂಚ ಹಾಕಬಹುದಾದಷ್ಟು ಮಣ್ಣು. ಮೆಟ್ರೋ ಆಗ ಊರಿನ ಬೇರೆ ಕಡೆ ಓಡುತ್ತಿತ್ತು, ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ, ಹೋಳಿಯ ಹೊತ್ತಿಗೆ, ಅಕ್ಕ ನನ್ನನ್ನು ಅಲ್ಲಿಗೆ ಕರೆದುಕೊಂಡು ಬಂದಳು. ಭಾವ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕತ್ತಲಿರುವಾಗಲೇ ಕಾರ್ಖಾನೆಯ ಬಸ್ಸಿಗೆ ಹೊರಟು ಕತ್ತಲಾದ ಮೇಲೆ ಬರುವವರು. ಅಕ್ಕನ ಮಗಳು ಆರನೇ ಕ್ಲಾಸಿನಲ್ಲಿದ್ದಳು. ಮನೆಯಲ್ಲಿ ಒಬ್ಬರು ಬೇಕಿತ್ತು. ಯಾವ ಮನೆಯಲ್ಲಿ ಒಬ್ಬರು ಬೇಕಾದರೂ ಆ ಒಬ್ಬರು ನಾನೇ ಆಗಿರುತ್ತಿದ್ದೆ.

ಮೊದಲೂ ಹಾಗೇ ಆಗಿತ್ತು. ಮಾಗಡಿ ಕಡೆ ಬಾಡಿಗೆ ಮನೆಯಲ್ಲಿ ನಾವು ಮೂವರು, ಅಮ್ಮ, ಅಕ್ಕ, ನಾನು. ಅಮ್ಮನಿಗೆ ಕೀಲುಗಳು ಊದಿ ಏಳಲಾಗದಂತಾದಾಗ ಅಕ್ಕ ಪಿಯುಸಿಯಲ್ಲಿದ್ದಳು, ನಾನು ಏಳನೇ ಕ್ಲಾಸು ಮುಗಿಸಿದ್ದೆ. ಯಾರು ಮನೆಯಲ್ಲಿ ಉಳಿಯಬೇಕು ಎಂದು ಯಾರೂ ಕೂತು ಮಾತಾಡಲಿಲ್ಲ. ಸ್ಕೂಲು ಶುರುವಾದ ದಿನ ಅಕ್ಕ ಬ್ಯಾಗು ಹಾಕಿಕೊಂಡು ಹೊರಟಳು, ನಾನು ಒಲೆಯ ಮುಂದೆ ಇದ್ದೆ, ಅಷ್ಟೆ. ಇದನ್ನು ದೂರು ಎಂದು ಹೇಳುತ್ತಿಲ್ಲ. ಅಕ್ಕ ಚೆನ್ನಾಗಿ ಓದಿದಳು, ಪರೀಕ್ಷೆ ಕಟ್ಟಿ ಪಾಸಾದಳು, ತಿಂಗಳು ತಪ್ಪದೆ ಮನೆಗೆ ದುಡ್ಡು ಕಳಿಸಿದಳು. ಆದರೆ ಅಮ್ಮನ ಹಿತ್ತಲಿನ ಅವರೆ ಮಾತ್ರ ನನ್ನದು. ಅದರ ಪಾತಿ, ಅದರ ಗೊಬ್ಬರ, ಅದರ ಬೀಜ ಎತ್ತಿಡುವುದು ಎಲ್ಲವನ್ನೂ ಅಮ್ಮ ಮಂಚದ ಮೇಲಿಂದ ಹೇಳಿ ನನ್ನ ಕೈಯಲ್ಲಿ ಮಾಡಿಸಿದ್ದಳು.

ಅವರೆಗೆ ಇಬ್ಬನಿ ಬೀಳಬೇಕು. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಇಬ್ಬನಿ ಬಿದ್ದ ಮೇಲೆಯೇ ಕಾಯಿಯ ಮೇಲೆ ಎಣ್ಣೆಯಂಥ ಜಿಗುಟು ಬರುವುದು, ಬಿಡಿಸಿದ ಕೈಯನ್ನು ಸೋಪು ಹಾಕಿ ತೊಳೆದರೂ ವಾಸನೆ ಹೋಗದಿರುವುದು. ಆ ಸೊಗಡು ಇಲ್ಲದ ಅವರೆಯನ್ನು ಅಮ್ಮ ದನಕ್ಕೆ ಹಾಕು ಅನ್ನುತ್ತಿದ್ದಳು. ಧನುರ್ಮಾಸದಲ್ಲಿ ನಾನು ಬಳ್ಳಿಯ ಮೇಲೆ ಬಟ್ಟೆ ಒಣಗಹಾಕಿ ಮರೆತರೆ ಸಂಜೆ ಒಳಗಿನಿಂದಲೇ ಕೂಗು ಕೇಳುತ್ತಿತ್ತು. “ಬಟ್ಟೆ ಎಳ್ಕೊಳ್ಳೇ! ಅದಕ್ಕೆ ರಾತ್ರಿ ಆಕಾಶ ಕಾಣ್ಬೇಕು!”

ದಿಲ್ಲಿಗೆ ಬರುವಾಗ ನಾನು ತಂದದ್ದು ಎರಡು ಸೀರೆಯ ಗಂಟು ಮತ್ತು ಬೂದಿ ಬೆರೆಸಿ ಬಟ್ಟೆಯಲ್ಲಿ ಕಟ್ಟಿದ ಅಮ್ಮನ ಅವರೆ ಬೀಜ. ಅಕ್ಕ ಸೀರೆಗಳನ್ನು ನೋಡಲಿಲ್ಲ. ಬೀಜದ ಗಂಟು ಬಿಚ್ಚಿ, ಬೊಗಸೆಯಲ್ಲಿ ಹಿಡಿದು, ಮೂಸಿ ನೋಡಿ, ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟುಕೊಂಡು ಅತ್ತಳು. ನಲ್ಲಿಯ ಸದ್ದು ತುಂಬಾ ಹೊತ್ತು ಕೇಳಿತು. ಅಮ್ಮ ಹೋದಾಗ ರೈಲು ತಡವಾಗಿ ಅವಳಿಗೆ ಮುಖ ನೋಡಲು ಸಿಕ್ಕಿರಲಿಲ್ಲ.

ಅಕ್ಕನಿಗೂ ಗಿಡದ ಹುಚ್ಚು ಇದೆಯೆಂದು ನನಗೆ ಗೊತ್ತಾದದ್ದು ದಿಲ್ಲಿಯಲ್ಲೇ. ಆದರೆ ಅವಳದು ಬೇರೆ ದಾರಿ. ಪುಸ್ತಕ ನೋಡುತ್ತಾಳೆ, ಪೇಪರಿನ ತುಂಡು ಕತ್ತರಿಸಿ ಇಡುತ್ತಾಳೆ, ನರ್ಸರಿಯ ಭಯ್ಯಾನ ಜೊತೆ ಗಂಟೆಗಟ್ಟಲೆ ಮಾತಾಡುತ್ತಾಳೆ. ಸಂಕ್ರಾಂತಿ ಕಳೆದ ಮೇಲೆ ಪ್ರತಿ ವರ್ಷವೂ ಬೀಜದ ಡಬ್ಬಿಗಳನ್ನೆಲ್ಲ ಬಿಸಿಲಿಗೆ ತಂದು ಮಂಚದ ಮೇಲೆ ಹರಡಿಕೊಂಡು ಕೂರುತ್ತಾಳಂತೆ. ಹೀರೆ, ಸೋರೆ, ಬೆಂಡೆ, ದಂಟು, ಸೌತೆ. ಫೆಬ್ರವರಿಯಲ್ಲಿ ಮಣ್ಣು ಬೆಚ್ಚಗಾಗುತ್ತಲೇ ಬೇಸಿಗೆಯ ಬಿತ್ತನೆ. “ನಿಮ್ಮಕ್ಕನಿಗೆ ಯುಗಾದಿ ಅಲ್ಲೇ ಮುಗಿದುಹೋಗುತ್ತೆ,” ಎಂದು ಭಾವ ನಗುತ್ತಿದ್ದರು. “ಬೇವು ಬೆಲ್ಲ ಎಲ್ಲ ಆ ಡಬ್ಬಿಗಳಿಗೇ.”

ಅಮ್ಮನ ಬೀಜದಲ್ಲಿ ಅರ್ಧವನ್ನು ಮಳೆಗಾಲದ ಮೊದಲಿಗೇ ಹಾಕಿದೆವು. ಆ ಸಲದ ಮಳೆಗೆ ಅದೆಲ್ಲ ಕೊಳೆಯಿತು. ಉಳಿದರ್ಧವನ್ನು ಮತ್ತೆ ಹಾಕಿದೆವು. ಅಲ್ಲಿಗೆ ಗಂಟು ಖಾಲಿ. ಬೇಲಿಯ ಉದ್ದಕ್ಕೂ ತಂತಿ ಕಟ್ಟಿ ಬಳ್ಳಿ ಹಬ್ಬಿಸಿದೆವು. ಮೊದಲು ಬರುವ ಒಳ್ಳೆಯ ಕಾಯಿಗಳನ್ನು ಕೀಳದೆ ಬೀಜಕ್ಕೆ ಬಿಡಬೇಕು ಎಂದು ಅಕ್ಕ ಆಗಲೇ ಹೇಳಿಟ್ಟಿದ್ದಳು.

ಇನ್ನು ಆ ವರ್ಷದ ಚಳಿಗಾಲದ ಮಾತು. ಅದು ನಾನು ಕಂಡ ಮೊದಲ ದಿಲ್ಲಿ ಚಳಿಗಾಲ. ದೀಪಾವಳಿಯಿಂದಲೇ ಎಲ್ಲರೂ ನನ್ನನ್ನು ಹೆದರಿಸಿದರು. ಭಾವ ಹತ್ತಿ ತುಂಬಿದ ಹೊಸ ರಜಾಯಿ ತಂದು, “ಇದರೊಳಗೆ ಹೊಕ್ಕರೆ ಹೋಳಿಗೇ ಹೊರಗೆ ಬರೋದು,” ಅಂದರು. ಅಕ್ಕನ ಮಗಳು, “ಚಿಕ್ಕೀ, ಇತ್ನಾ ಕೋಹ್ರಾ ಇರುತ್ತೆ ಕಿ ನಿನ್ನ ಕೈ ನಿನಗೇ ಕಾಣಲ್ಲ,” ಎಂದು ಮಂಜಿನಲ್ಲಿ ತಡಕಾಡುವವರ ಹಾಗೆ ನಟಿಸಿ ತೋರಿಸಿದಳು. ನಾನು ಕಾದೆ. ಡಿಸೆಂಬರ್ ಬಂತು. ಮಂಜೂ ಇಲ್ಲ, ಮಣ್ಣೂ ಇಲ್ಲ. ಮಧ್ಯಾಹ್ನ ಸ್ವೆಟರ್ ಹಾಕಿದರೆ ಬೆವರು. ಮೇಲಿನ ಮನೆಯ ಆಂಟಿ, ದೊಡ್ಡ ದೇಹದ ಪಂಜಾಬಿ ಹೆಂಗಸು, ಬಾಲ್ಕನಿಯಲ್ಲಿ ಚಹಾದ ಲೋಟ ಹಿಡಿದು ನಿಂತು ದಿನಾ ಅದೇ ಮಾತು. “ಐಸಾ ತೋ ಕಭೀ ನಹೀಂ ಹುವಾ.” ಹೀಗೆ ಎಂದೂ ಆಗಿರಲಿಲ್ಲ. ಹಿಂದೆಲ್ಲ ಹೇಗಾಗುತ್ತಿತ್ತು ಎನ್ನುವುದು ನನಗೆ ಗೊತ್ತಿಲ್ಲ. ಗೊತ್ತಿಲ್ಲದವಳು ಯಾವುದಕ್ಕೆ ಆಶ್ಚರ್ಯಪಡಬೇಕು?

ಬಳ್ಳಿಗೂ ಹಾಗೇ ಆಗಿತ್ತು. ಬರೀ ಎಲೆ ಬಿಟ್ಟುಕೊಂಡು ಬೆಳೆಯಿತು, ಹೂವು ಬಿಡುವ ಹೊತ್ತಿಗೆ ಹೂವು ಬಿಡಲಿಲ್ಲ. “ಇದಕ್ಕೂ ತಲೆ ಕೆಟ್ಟಿದೆ,” ಎಂದು ಅಕ್ಕ ಗೊಣಗಿದಳು. ಕೊನೆಗೆ ತಡವಾಗಿ ನೇರಳೆ ಹೂವು ಬಂತು, ಜನವರಿ ಶುರುವಿಗೆ ಕಾಯಿ ಕಟ್ಟಿತು. ನಾನು ಒಂದು ಕಾಯಿ ಉಜ್ಜಿ ಮೂಸಿದೆ. ಹಸಿ ಎಲೆಯ ವಾಸನೆ ಬಿಟ್ಟರೆ ಏನೂ ಇಲ್ಲ. ಇಬ್ಬನಿ ಸಾಲದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸಂಕ್ರಾಂತಿಗೆ ಇನ್ನೂ ಒಂದು ವಾರವಿರುವಾಗ ಅಕ್ಕನನ್ನು ಆಫೀಸಿನಿಂದ ಟ್ರೇನಿಂಗ್ ಎಂದು ಚಂಡೀಗಢಕ್ಕೆ ಕಳಿಸಿದರು. ಹೊರಡುವ ಬೆಳಿಗ್ಗೆ ಅವಳು ಹಳೆಯ ಡಬಲ್ ಚಾದರ ತೆಗೆದಿಟ್ಟು, ತಂತಿಯ ಮೇಲೆ ಹೇಗೆ ಇಳಿಬಿಡಬೇಕು, ಅಂಚಿಗೆ ಎಲ್ಲಿ ಇಟ್ಟಿಗೆ ಇಡಬೇಕು ಎಂದು ತೋರಿಸಿದಳು. ಚಳಿ ಜಾಸ್ತಿ ಅನ್ನಿಸಿದ ಸಂಜೆ ಹೊದಿಸಬೇಕು, ಬಿಸಿಲು ಬಂದ ಮೇಲೆ ತೆಗೆಯಬೇಕು.

“ಅವರೆಗೆ ಯಾಕಕ್ಕಾ ಹೊದಿಕೆ? ಅಮ್ಮ ಬಟ್ಟೆ ಹಾಕೋಕೂ ಬಿಡ್ತಿರ್ಲಿಲ್ಲ,” ಅಂದೆ.

“ಇದು ಮಾಗಡಿ ಅಲ್ಲ ಕಣೇ.”

“ಆದ್ರೂ ಸೊಗಡು...”

“ಸೊಗಡು ಇಲ್ದಿದ್ರೆ ಕತ್ತೆ ಬಾಲ. ನನಗೆ ಬೀಜ ಬೇಕು.”

ಅಷ್ಟರಲ್ಲಿ ಆಂಟಿ ಮೇಲಿನಿಂದ ಬಗ್ಗಿ, ಏನು ನಡೆಯುತ್ತಿದೆ ಎಂದು ಕೇಳಿದರು. ಅಕ್ಕ ಸೂಟ್‌ಕೇಸ್ ಎತ್ತಿಕೊಳ್ಳುತ್ತಾ, ನನ್ನ ಕಡೆ ತಲೆಯಾಡಿಸಿ ನಕ್ಕಳು. “ಕ್ಯಾ ಬತಾವೂಂ ಆಂಟಿ, ಇಸೇ ಕುಛ್ ಸಮಝ್ ನಹೀಂ ಆತಾ. ಏಕ್ ಬಾತ್ ದಸ್ ಬಾರ್ ಬೋಲ್ನಾ ಪಡ್ತಾ ಹೈ.”

ಇವಳಿಗೆ ಏನೂ ತಿಳಿಯುವುದಿಲ್ಲ, ಒಂದೇ ಮಾತನ್ನು ಹತ್ತು ಸಲ ಹೇಳಬೇಕು. ನನಗೆ ಅಷ್ಟು ಹಿಂದಿ ಬಂದುಬಿಟ್ಟಿದೆ ಎಂಬುದು ಅಕ್ಕನಿಗೆ ಗೊತ್ತಿರಲಿಲ್ಲ. ತರಕಾರಿ ಗಾಡಿಯವನ ಹತ್ತಿರ, ಹಾಲಿನ ಬೂತಿನಲ್ಲಿ, ದಿನವೂ ಕೇಳಿ ಕೇಳಿ ಬಂದದ್ದು. ಆಂಟಿಯೂ ನಕ್ಕರು. ನಾನೂ ನಕ್ಕೆ, ಏನೋ ತಮಾಷೆ ನಡೆಯಿತು ಅನ್ನುವ ಹಾಗೆ. ಆಟೋ ಹೊರಟುಹೋಯಿತು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಗಾಳಿ ನಿಂತಿತು, ಆಕಾಶ ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಮಧ್ಯಾಹ್ನ ಅಕ್ಕನ ಫೋನು.

“ಹೊದಿಸ್ದೇನೇ?”

“ಇನ್ನೂ ಸಂಜೆ ಆಗಿಲ್ವಲ್ಲ.”

“ಮರೀಬೇಡ. ಇಲ್ಲಿ ಎಲ್ಲಾ ಹೇಳ್ತಿದಾರೆ, ಇವತ್ತು ಹುಲ್ಲಿನ ಮೇಲೆ ಐಸ್ ಕೂರುತ್ತಂತೆ.”

ನನಗೆ ನಗು ಬಂತು. ಹುಲ್ಲಿನ ಮೇಲೆ ಐಸು! ತಿಂಗಳಿಂದ ಇದೇ ಜನ ಚಳಿ ಚಳಿ ಎಂದು ಹೆದರಿಸಿ ನನ್ನನ್ನು ರಜಾಯಿಯೊಳಗೆ ಬೆವರಿಸಿದ್ದರು. “ಸರಿ,” ಅಂದೆ.

ಸಂಜೆ ಚಾದರ ಎತ್ತಿಕೊಂಡು ಹೊರಗೆ ಹೋದೆ. ಬೆಳಕು ಇನ್ನೂ ಇತ್ತು. ಕಾಯಿಗಳು ಬಳ್ಳಿಯ ಮೇಲೆ ಚಪ್ಪಟೆಯಾಗಿ, ಎಳಸಾಗಿ ತೂಗುತ್ತಿದ್ದವು. ಮುಟ್ಟಿದೆ, ಎಲೆ ಆಗಲೇ ತೇವ. ಇಬ್ಬನಿ ಇಳಿಯುತ್ತಿದೆ, ಕೊನೆಗೂ. ಅಮ್ಮನ ಕೂಗು ಕಿವಿಯಲ್ಲಿ ಕೇಳಿದ ಹಾಗಾಯಿತು. ಅದೇ ಕ್ಷಣ ಇನ್ನೊಂದು ಮಾತೂ ಕೇಳಿಸಿತು, ಅಕ್ಕ ನಕ್ಕು ಹೇಳಿದ್ದು. ಮೇಲಿನಿಂದ ಆಂಟಿ, “ಢಕ್ ದೇನಾ ಬೇಟಾ!” ಎಂದು ಕೂಗಿ, ತಮ್ಮ ಟೊಮೇಟೊ ಕುಂಡಗಳ ಮೇಲೆ ಹರಿದ ದುಪಟ್ಟಾ ಹೊದಿಸಿ ಒಳಗೆ ಹೋದರು. ಹೊದಿಸಿಬಿಡು ಎಂದು ಅವರೂ ನನಗೆ ಹೇಳಬೇಕೆ? ಅವರೆ ವಿಷಯ ನನಗೆ ಇವರು ಹೇಳಿಕೊಡಬೇಕೆ?

ಅಮ್ಮನನ್ನು ನಂಬಿ ಹೊದಿಸದೆ ಬಂದೆನೋ, ಅಕ್ಕನ ಮೇಲಿನ ಸಿಟ್ಟಿಗೆ ಹೊದಿಸದೆ ಬಂದೆನೋ. ಆ ಜಾಗಕ್ಕೆ ಎಷ್ಟು ಸಲ ಮನಸ್ಸಿನಲ್ಲಿ ಹೋಗಿ ನಿಂತಿದ್ದೇನೆ. ಚಾದರದ ಭಾರ ನೆನಪಿದೆ, ಅದರ ನುಸಿಗುಳಿಗೆಯ ವಾಸನೆ ನೆನಪಿದೆ. ಮನಸ್ಸಿನಲ್ಲಿ ಇದ್ದದ್ದು ಮಾತ್ರ ಸರಿಯಾಗಿ ನೆನಪಿಲ್ಲ.

ಬೆಳಿಗ್ಗೆ ಎದ್ದು, ನಾನು ಮಲಗುತ್ತಿದ್ದ ವರಾಂಡದ ಬಾಗಿಲು ತೆಗೆದಾಗ ಹುಲ್ಲೆಲ್ಲ ಬಿಳಿ. ಯಾರೋ ರಂಗೋಲಿ ಪುಡಿಯ ಚೀಲ ಹರಿದು ಚೆಲ್ಲಿದ್ದಾರೆ ಅನ್ನಿಸಿತು. ಭಾವನ ಸ್ಕೂಟರಿನ ಸೀಟೂ ಬಿಳಿ, ಉಗುರಿನಿಂದ ಕೆರೆದರೆ ಗೆರೆ ಮೂಡಿತು. ಅವರೆ ಎಲೆಗಳು ಹಪ್ಪಳದ ಹಾಗೆ ನೆಟ್ಟಗೆ ನಿಂತಿದ್ದವು, ಪ್ರತಿ ಎಲೆಯ ಅಂಚಿಗೂ ಬಿಳಿ ಜರಿ. ಕಾಯಿಗಳ ಮೇಲೆ ಸಕ್ಕರೆ ಉದುರಿಸಿದ ಹಾಗೆ ಮಿಂಚು. ನನಗೆ, ಹೇಗೆ ಹೇಳಲಿ, ಖುಷಿಯಾಯಿತು. ಇಷ್ಟು ಇಬ್ಬನಿ ನಮ್ಮೂರಲ್ಲಿ ಎಂದೂ ನೋಡಿರಲಿಲ್ಲ. ಇನ್ನು ಸೊಗಡು ಎಷ್ಟು ಬರಬಹುದು ಎಂದುಕೊಂಡು ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಬಿಸಿಲು ಬೇಲಿ ದಾಟಿ ಬಂದಿತ್ತು. ಬಿಳಿ ಎಲ್ಲ ಕರಗಿತ್ತು. ಎಲೆಗಳು ಕಪ್ಪು ಹಸಿರಾಗಿ ಜೋತುಬಿದ್ದಿದ್ದವು, ಬಾಣಲೆಯಿಂದ ತೆಗೆದ ಸೊಪ್ಪಿನ ಹಾಗೆ. ಒಂದು ಎಲೆ ಮುಟ್ಟಿದೆ, ಬೆರಳಿಗೆ ಅಂಟಿಕೊಂಡಿತು. ಕಾಯಿ ಹಿಸುಕಿದೆ, ನೀರು ಒಸರಿತು. ಮೂಸಿದೆ. ಬೆಂದ ವಾಸನೆ. ನನಗೆ ಅರ್ಥವೇ ಆಗಲಿಲ್ಲ. ಈಗಷ್ಟೇ ಅಷ್ಟು ಚೆನ್ನಾಗಿದ್ದವು. ಬಿಸಿಲಿಗೆ ಹೀಗಾಯಿತೆ? ಯಾರಾದರೂ ಬಿಸಿನೀರು ಸುರಿದುಹೋದರೋ? ಸುತ್ತ ನೋಡಿದೆ. ಗೋಡೆಗೆ ಒರಗಿದ್ದ ಕರಿಬೇವು ಕೂಡ ಹಾಗೇ ಜೋತಿತ್ತು. ಆಗ ನಿಧಾನವಾಗಿ ಹೊಳೆಯಿತು, ನಾನು ಕಂಡ ಬಿಳಿ ಇಬ್ಬನಿಯಲ್ಲ, ಅಕ್ಕ ಹೇಳಿದ್ದ ಐಸು.

ಮೇಲೆ ಬಾಲ್ಕನಿಯ ಚಿಲಕದ ಸದ್ದು ಕೇಳಿಸಿತು. ನಾನು ಓಡಿಹೋಗಿ ವರಾಂಡದಲ್ಲಿದ್ದ ಚಾದರ ತಂದೆ. ಸತ್ತ ಬಳ್ಳಿಯ ಮೇಲೆ, ಅಕ್ಕ ತೋರಿಸಿದ ಹಾಗೆಯೇ, ತಂತಿಯಿಂದ ಇಳಿಬಿಟ್ಟೆ. ಅಂಚಿಗೆ ಇಟ್ಟಿಗೆ ಇಟ್ಟೆ. ಹಿಂದಿನ ಸಂಜೆ ಮಾಡಬೇಕಾದದ್ದನ್ನೆಲ್ಲ ಒಂದೂ ಬಿಡದೆ ಮಾಡಿದೆ.

“ಢಕ್ ದಿಯಾ ಥಾ ನಾ?” ಹೊದಿಸಿದ್ದೆ ತಾನೇ ಎಂದು ಆಂಟಿ ಬಗ್ಗಿ ನೋಡಿದರು. ಚಾದರ ಕಂಡು, “ಶಾಬಾಶ್!” ಅಂದರು.

ಸ್ಕೂಲಿಗೆ ರಜೆ ಕೊಟ್ಟಿದ್ದರು. ಅಕ್ಕನ ಮಗಳು ರಜಾಯಿ ಹೊದ್ದು ಟಿವಿ ನೋಡುತ್ತಾ, “ಚಿಕ್ಕೀ, ದೇಖೋ, ನಮ್ಮ ದಿಲ್ಲಿ ಬರ್ತಿದೆ!” ಎಂದು ಕೂಗಿದಳು. ಇಂಥ ಚಳಿ ಎಷ್ಟೋ ವರ್ಷಗಳಿಂದ ಬಿದ್ದಿರಲಿಲ್ಲ ಎಂದು ಟಿವಿಯವರೂ ಹೇಳುತ್ತಿದ್ದರು. ಆ ಮಾತಿಗೆ ಜೋತುಬಿದ್ದೆ. ಹೊದಿಸಿದ್ದರೂ ಉಳಿಯುತ್ತಿರಲಿಲ್ಲವೇನೋ. ಯಾರು ಹೇಳಬಲ್ಲರು?

ಅಕ್ಕ ಬಂದವಳು ಸೂಟ್‌ಕೇಸ್ ಗೇಟಿನ ಹತ್ತಿರವೇ ಇಟ್ಟು ಚಾದರ ಎತ್ತಿದಳು. ಅಷ್ಟು ಹೊತ್ತಿಗೆ ಎಲೆಗಳು ಒಣಗಿ ಕಂದಾಗಿದ್ದವು. ಅವಳು ಚಾದರದ ತುದಿ ಹಿಡಿದುಕೊಂಡೇ ನಿಂತಳು.

“ಹೊದಿಸಿದ್ಯಲ್ಲ? ಆದ್ರೂ ಹೀಗಾಯ್ತಾ?”

“ಹೂಂ,” ಅಂದೆ.

ಅಷ್ಟೇ. ಸುಳ್ಳು ಹೇಳಿದೆ ಎಂದು ಅನ್ನಿಸಲೂ ಇಲ್ಲ, ಅಷ್ಟು ಚಿಕ್ಕದು.

ಆದರೆ ಆ ಒಂದು ಹೂಂ ಅಕ್ಕನ ತಲೆಯನ್ನು ಹೇಗೆ ಕೆಡಿಸಿತು ಎಂದರೆ ನೋಡಲಾಗುತ್ತಿರಲಿಲ್ಲ. ಅಡುಗೆಮನೆಗೆ ಬಂದು ಕೇಳುವಳು, “ಚಾದರ ಎಲೆಗೆ ತಾಗಿತ್ತಾ?” ಇಲ್ಲ ಅನ್ನುವೆ. ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಾ, “ಒದ್ದೆ ಚಾದರ ಆಗಿತ್ತೇನೋ?” ಒಣಗಿತ್ತು ಅನ್ನುವೆ. “ಸಂಜೆ ನೀರು ಹಾಕಿದ್ಯಾ?” ಹಾಕಿದ್ದೆ ಅನ್ನುವೆ. ಪ್ರತಿಯೊಂದಕ್ಕೂ ಅವಳಿಗೆ ಬೇಕಾದ ಸರಿಯುತ್ತರವೇ ಕೊಟ್ಟೆ. ಎಲ್ಲಾದರೂ ಒಂದು ತಪ್ಪು ಒಪ್ಪಿಕೊಂಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಅವಳು ಮೇಲೆ ಹೋಗಿ ಆಂಟಿಯ ಟೊಮೇಟೊ ನೋಡಿ ಬಂದಳು. ಹರಿದ ದುಪಟ್ಟಾದ ಅಡಿ ಅವು ಹಸಿರಾಗಿ ನಿಂತಿದ್ದವು. “ಅವರದು ಬದುಕಿದೆ ಕಣೇ. ಡಬಲ್ ಚಾದರದಲ್ಲಿ ನಮ್ದು ಸತ್ತಿದೆ. ಇದೇನಿದು?” ಎಂದು ನನ್ನನ್ನೇ ಕೇಳಿದಳು. ಪುಸ್ತಕ ತೆಗೆದು ನೋಡಿದಳು. ಪುಸ್ತಕ ಮುಚ್ಚಿಟ್ಟಳು.

ಕಾಯಿಗಳನ್ನು ಪೇಪರಿನ ಮೇಲೆ ಹಾಕಿಕೊಂಡು ಒಂದೊಂದಾಗಿ ಬಿಡಿಸಿದೆವು. ಒಳಗೆ ಬೀಜ ಇನ್ನೂ ಬಲಿತೇ ಇರಲಿಲ್ಲ, ಸುಕ್ಕುಗಟ್ಟಿದ ಸಿಪ್ಪೆ. ಆದರೂ ಸ್ವಲ್ಪ ದಪ್ಪಗಿದ್ದವನ್ನು ಆರಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಟ್ಟಳು. ಬೆಳಿಗ್ಗೆ ಎದ್ದು ಮೊದಲು ಆ ಗಂಟು ಬಿಚ್ಚಿ ನೋಡುತ್ತಿದ್ದಳು. ಅವು ಲೋಳೆಯಾಗಿ ವಾಸನೆ ಬಂದ ಮೇಲೆ ತಾನೇ ತೆಗೆದುಕೊಂಡು ಹೋಗಿ ಬೇಲಿಯ ಬುಡದಲ್ಲಿ ಹೂತಳು. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಆಯಿತು, ಅವರೆಕಾಳಿನ ಸಾರು ಆಗಲಿಲ್ಲ. ಭಾವ ಮಾರ್ಕೆಟ್ಟಿನಿಂದ ತರುತ್ತೇನೆ ಅಂದರು. ಬೇಡ ಅಂದಳು.

ಫೆಬ್ರವರಿಯಲ್ಲಿ ಹವೆ ಮತ್ತೆ ತಿರುಗಿತು. ಒಂದೇ ಸಲ ಸೆಖೆ. ರಜಾಯಿಯನ್ನು ಬಿಸಿಲಿಗೆ ಹಾಕಿ ಒಳಗಿಡುವ ಮೊದಲೇ ಫ್ಯಾನು ಹಾಕಿದೆವು. ಬೇಲಿಯ ಆಚೆ ಎಲ್ಲರ ತೋಟದಲ್ಲೂ ಮಣ್ಣು ಅಗೆಯುವ ಸದ್ದು. “ಐಸಾ ತೋ ಕಭೀ ನಹೀಂ ಹುವಾ,” ಎಂದು ಆಂಟಿ ಹೊಸ ಕುಂಡಗಳನ್ನು ಜೋಡಿಸಿದರು. ಅಕ್ಕ ಮಾತ್ರ ಡಬ್ಬಿ ತೆಗೆಯಲಿಲ್ಲ. ಭಾನುವಾರ ಬಂತು, ಹೋಯಿತು. ಅವರೆಯ ತಂತಿ ಹಾಗೇ ಖಾಲಿ ನಿಂತಿತ್ತು.

“ಮಣ್ಣು ಅಗೀಲಾ ಅಕ್ಕ?” ಎಂದೆ ಒಂದು ದಿನ.

“ಯಾಕೆ? ಎಲ್ಲಾ ಸರಿಯಾಗಿ ಮಾಡಿದ್ರೂ ಸತ್ತಿದೆ ಅಂದ್ಮೇಲೆ ಇನ್ನೇನು ಮಾಡೋದಿದೆ. ಅಮ್ಮನ ಬೀಜ ನನ್ನ ಕೈಗೆ ಒಗ್ಗಲಿಲ್ಲ.”

ಅದೇ ಹೊತ್ತಿಗೆ ಕ್ವಾರ್ಟರ್ಸ್ ಮಾತು ಬಂತು. ಅಕ್ಕನಿಗೆ ದೊಡ್ಡ ಮನೆಯ ಸರದಿ ಬಂದಿತ್ತು. ಬೇರೆ ಸೆಕ್ಟರಿನಲ್ಲಿ, ಮೂರನೇ ಮಹಡಿ, ಒಂದು ಕೋಣೆ ಹೆಚ್ಚು. ಹಿಂದೊಮ್ಮೆ ಹೀಗೇ ಬಂದಾಗ ಅವಳು ತೋಟ ಬಿಟ್ಟು ಹೋಗಲಾರೆ ಎಂದು ಬೇಡ ಅಂದಿದ್ದಳಂತೆ. “ಸೋರೆಕಾಯಿಗೋಸ್ಕರ ಒಂದು ರೂಮು ಬಿಟ್ಟವರು ಇಡೀ ದಿಲ್ಲಿಯಲ್ಲಿ ನಾವೊಬ್ಬರೇ,” ಎಂದು ಭಾವ ಆಗಾಗ ಹೇಳುತ್ತಿದ್ದರು. ಈ ಸಲ ಅವರು ಬಾಯಿ ತೆರೆಯುವ ಮೊದಲೇ ಅಕ್ಕ, “ಸೋಮವಾರ ಹೂಂ ಅಂದ್ಬಿಡ್ತೀನಿ,” ಅಂದಳು. ನನ್ನ ಕಡೆ ತಿರುಗಿ, “ನಿನಗೂ ಒಂದು ರೂಮು ಆಗುತ್ತೆ. ಎಷ್ಟು ದಿನ ಆ ವರಾಂಡದಲ್ಲಿ ನಡುಗ್ತೀಯ?” ಅಂದಳು.

ನನಗೆ ಹುಟ್ಟಿದಾಗಿನಿಂದ ಬಾಗಿಲಿರುವ ಒಂದು ಕೋಣೆ ಇರಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದದ್ದು. ಆ ವಾರವೆಲ್ಲ ಅದನ್ನೇ ಯೋಚಿಸಿದೆ, ಮಂಚ ಎಲ್ಲಿ, ಅಮ್ಮನ ಫೋಟೋ ಎಲ್ಲಿ. ಕರಿಬೇವಿನ ಬುಡದಲ್ಲಿ ಕೆಂಪು ಚಿಗುರು ಒಡೆದದ್ದನ್ನು ಮೊದಲು ನೋಡಿದವಳು ನಾನೇ. ಈ ಮಣ್ಣಿನಲ್ಲಿ ಸತ್ತದ್ದು ಮತ್ತೆ ಬದುಕುತ್ತದೆ ಎಂದು ಅಕ್ಕನನ್ನು ಕರೆದು ತೋರಿಸಬಹುದಿತ್ತು. ತೋರಿಸಲಿಲ್ಲ. ಬಕೆಟ್ಟಿನ ನೀರು ಮಾತ್ರ ಅದರ ಬುಡಕ್ಕೆ ಹಾಕುತ್ತಿದ್ದೆ, ದಿನಾ. ಅದನ್ನು ಯಾಕೆ ಮಾಡುತ್ತಿದ್ದೆನೋ ಅದೂ ತಿಳಿಯದು.

ಭಾನುವಾರ ಬೆಳಿಗ್ಗೆ ಅಕ್ಕ ಕೊನೆಗೂ ಡಬ್ಬಿಗಳನ್ನು ಹೊರಗೆ ತಂದಳು. ನನ್ನ ಎದೆ ಹಗುರಾಯಿತು. ಆದರೆ ಅವಳು ಮಂಚದ ಮೇಲೆ ಹರಡಲಿಲ್ಲ. ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ತುಂಬಿ ಆಂಟಿಯನ್ನು ಕರೆದಳು. ಆಂಟಿ ಮೆಟ್ಟಿಲಿಳಿದು ಬಂದು, ಡಬ್ಬಿಗಳನ್ನು ಅಲ್ಲಾಡಿಸಿ ಸದ್ದು ಕೇಳಿ, ಬೆರಗಾದರು.

“ಅರೇ, ಸಬ್ ದೇ ರಹೀ ಹೋ? ಸೀಸನ್ ತೋ ಅಭೀ ಶುರೂ ಹೋ ರಹಾ ಹೈ!” ಎಲ್ಲ ಕೊಟ್ಟುಬಿಡುತ್ತೀಯಾ, ಕಾಲ ಈಗ ತಾನೇ ಶುರುವಾಗುತ್ತಿದೆಯಲ್ಲ.

ಅಕ್ಕ ತಲೆಯಾಡಿಸಿದಳು. ಅತ್ತಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳು ಸಹಜವಾದ ದನಿಯಲ್ಲಿ, ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದಳು. “ಇಸ್ನೇ ತೋ ಸಬ್ ಠೀಕ್ ಕಿಯಾ ಥಾ ಆಂಟಿ. ಮುಝ್‌ಸೇ ಜ್ಯಾದಾ ಸಮಝ್‌ತೀ ಹೈ. ಮೇರೀ ಹೀ ಕಿಸ್ಮತ್ ಖರಾಬ್.”

ಇವಳು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳು. ನನಗಿಂತ ಹೆಚ್ಚು ತಿಳಿದವಳು. ನನ್ನ ಹಣೆಬರಹವೇ ಕೆಟ್ಟದ್ದು.

ಅದೇ ಜಾಗ, ಅದೇ ಆಂಟಿ. ಆ ದಿನ ಆ ಮಾತಿಗೆ ನಕ್ಕಿದ್ದ ನಾನು ಈ ಮಾತಿಗೆ ಏನು ಮಾಡಬೇಕು? ಆಂಟಿ ನನ್ನ ಕಡೆ ನೋಡಿ ಮೆಚ್ಚಿ ತಲೆಯಾಡಿಸಿದರು. ಭುಜದ ಮೇಲಿನ ಕೈ ಬೆಚ್ಚಗಿತ್ತು. ಬುಟ್ಟಿ ಆಂಟಿಯ ಕೈಗೆ ಹೋಗುತ್ತಿತ್ತು. ನಾನು ಅದರ ಹಿಡಿಕೆ ಹಿಡಿದುಕೊಂಡೆ.

“ಏನೇ?” ಅಂದಳು ಅಕ್ಕ.

“ಕೊಡಬೇಡ.”

“ಯಾಕೆ?”

“ಹೊದಿಸ್ಲಿಲ್ಲ ಅಕ್ಕ.”

“ಏನು ಹೊದಿಸ್ಲಿಲ್ಲ?”

“ಚಾದರ. ಆ ಸಂಜೆ ಹೊದಿಸ್ಲೇ ಇಲ್ಲ. ಬೆಳಿಗ್ಗೆ ಎಲ್ಲಾ ಸತ್ತ ಮೇಲೆ ಹೊದಿಸಿದೆ.”

ಅಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಒಮ್ಮೆ ತಂತಿಯ ಕಡೆ, ಒಮ್ಮೆ ನನ್ನ ಕಡೆ ನೋಡಿದಳು. ಮೇಲಿನ ಬಾಲ್ಕನಿಯ ಟೊಮೇಟೊ ಕುಂಡಗಳ ಕಡೆಯೂ ನೋಡಿದಳು. ಭುಜದ ಮೇಲಿನ ಕೈ ಕೆಳಗೆ ಇಳಿಯಿತು. “ಮರೆತೆಯಾ?” ಎಂದು ಕೇಳಿದಳು, ಮರೆತೆ ಅನ್ನಲಿ ಎಂದು ಕಾಯುವವಳ ಹಾಗೆ. ಮರೆತೆ ಅಂದಿದ್ದರೆ ಸುಲಭವಿತ್ತು.

“ಮರೀಲಿಲ್ಲ. ಕೈಯಲ್ಲೇ ಇತ್ತು.”

ಆಂಟಿ ನಮ್ಮಿಬ್ಬರ ಮುಖ ನೋಡಿ, “ಕ್ಯಾ ಹುವಾ? ಕ್ಯಾ ಬೋಲ್ ರಹೀ ಹೈ?” ಎಂದರು. ಅವರಿಗೂ ತಿಳಿಯಲಿ ಎಂದು ನಾನೇ ಹೇಳಿದೆ, ಬಂದಷ್ಟು ಹಿಂದಿಯಲ್ಲಿ. “ಆಂಟಿ, ಮೈನೇ ನಹೀಂ ಢಕಾ. ಝೂಠ್ ಬೋಲಾ.” ನಾನು ಹೊದಿಸಲಿಲ್ಲ, ಸುಳ್ಳು ಹೇಳಿದೆ.

ಅಕ್ಕ ನನ್ನನ್ನು ನೋಡಿದ್ದು ಆಗ. ನನಗೆ ಹಿಂದಿ ಬರುತ್ತದೆ ಎಂದು, ಆ ಬೆಳಿಗ್ಗೆ ಅವಳು ಹೇಳಿದ್ದು ನನಗೆ ಅರ್ಥವಾಗಿತ್ತು ಎಂದು, ಅವಳ ಮುಖದಲ್ಲಿ ಒಂದೊಂದಾಗಿ ಮೂಡುವುದು ಕಾಣುತ್ತಿತ್ತು. ಆಂಟಿ ಬುಟ್ಟಿಯನ್ನು ಮೆಲ್ಲಗೆ ಮಂಚದ ಮೇಲಿಟ್ಟು ಮೆಟ್ಟಿಲು ಹತ್ತಿಹೋದರು.

“ಯಾಕೇ ಹೀಗ್ಮಾಡ್ದೆ?” ಅಂದಳು ಅಕ್ಕ. ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

“ಗೊತ್ತಿಲ್ಲ ಅಕ್ಕ. ಅಮ್ಮ ಹೊದಿಸ್ತಿರ್ಲಿಲ್ಲ ಅಂತ ಇರಬೇಕು. ನೀನು ಅವತ್ತು ನನ್ನ ಬಗ್ಗೆ ಹಾಗಂದೆ ಅಂತಲೂ ಇರಬೇಕು. ಎರಡರಲ್ಲಿ ಯಾವುದು ಅಂತ ದೇವರಾಣೆ ನನಗೆ ಗೊತ್ತಿಲ್ಲ. ನಿನ್ನ ಕೈ ಸರಿಯಾಗೇ ಇದೆ, ಮಣ್ಣೂ ಸರಿಯಾಗೇ ಇದೆ. ಕರಿಬೇವು ಚಿಗುರಿದೆ, ಹೋಗಿ ನೋಡು, ಅದನ್ನೂ ನಿನಗೆ ಹೇಳ್ಲಿಲ್ಲ. ನಾಳೆ ಆ ಹೊಸ ಮನೆಗೆ ಹೂಂ ಅನ್ನೋದೋ ಬೇಡ ಅನ್ನೋದೋ, ಈಗ ತಿಳ್ಕೊಂಡು ಹೇಳು. ಅಮ್ಮನ ಬೀಜ ನಾನು ಕಳೆದೆ. ತಪ್ಪಾಯ್ತು ಅಕ್ಕ. ನನ್ನದು ತಪ್ಪಾಯ್ತು, ನನ್ನನ್ನ ಕ್ಷಮಿಸು.”